ನೀರು ನಿಂತಿಲ್ಲ ಎಂದವರು

ಕಳೆದ ತಿಂಗಳು ಕದ್ರಿಯ ನಮ್ಮ ಫ್ಲ್ಯಾಟಿಗೆ ಒಂದು ಬುಟ್ಟಿ ಬಂತು. ಗಂಡನ ಸಹೋದ್ಯೋಗಿಯೊಬ್ಬರ ಗೃಹಪ್ರವೇಶದಲ್ಲಿ ಬಂದವರಿಗೆಲ್ಲ ಕೊಟ್ಟದ್ದು. ಒಳಗೆ ಗೋಡಂಬಿ, ಒಣದ್ರಾಕ್ಷಿ, ಜೇನಿನ ಸಣ್ಣ ಬಾಟಲಿ. ಮೇಲೆ ಗರಿಗರಿ ಪ್ಲಾಸ್ಟಿಕ್ ಹಾಳೆ, ಕೆಂಪು ರಿಬ್ಬನ್. ಎಲ್ಲವನ್ನೂ ತೆಗೆದು ಡಬ್ಬಗಳಿಗೆ ತುಂಬಿಸಿ ಖಾಲಿ ಬುಟ್ಟಿಯನ್ನು ಕೈಗೆತ್ತಿಕೊಂಡೆ. ತಳ ಇನ್ನೂ ಪೂರ್ತಿ ಒಣಗಿರಲಿಲ್ಲ. ಕಾಡುಬಳ್ಳಿಯನ್ನು ಸೀಳಿ ಹೊಳೆನೀರಿನಲ್ಲಿ ನೆನೆಹಾಕಿದಾಗ ಬರುವ ವಾಸನೆ... ಅದನ್ನು ಕಹಿ ಎನ್ನಬೇಕೋ ಕೆಸರು ಎನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಬುಟ್ಟಿ ಕೆಳಗೆ ಬಿತ್ತು.

“ಎಂತ ಆಯ್ತಮ್ಮಾ?” ಮಗಳು ಒಳಗಿನಿಂದ ಕೇಳಿದಳು.

“ಎಂತ ಇಲ್ಲ.”

ಇಪ್ಪತ್ತೈದು ವರ್ಷಗಳಿಂದ ನಾನು ಹೇಳುತ್ತ ಬಂದದ್ದು ಅದನ್ನೇ.

ರಿಬ್ಬನ್ನಿಗೆ ಒಂದು ಕಾರ್ಡು ಕಟ್ಟಿದ್ದರು. ‘ಕಾಡಿನ ಮಕ್ಕಳ ಕೈಚಳಕ’ ಎಂದು ಅಚ್ಚಾಗಿತ್ತು. ಚಿತ್ರದಲ್ಲಿ ಬಳ್ಳಿ ಹೆಣೆಯುವ ಎರಡು ಕೈಗಳು ಮಾತ್ರ. ಮೊಣಕೈಯಿಂದ ಮೇಲೆ ಏನೂ ಇಲ್ಲ. ಅಂಥವೇ ಎರಡು ಕೈಗಳು ಒಮ್ಮೆ ನನ್ನನ್ನು ಹೊಳೆಯಿಂದ ಎತ್ತಿದ್ದವು. ಆ ಕೈಗಳ ಮೇಲಿದ್ದ ಮುಖವನ್ನು ನಾನೂ ಹೀಗೆಯೇ ಕತ್ತರಿಸಿ ಬಿಟ್ಟವಳು.

ನನ್ನ ಸೋದರಮಾವನ ಮನೆ ಫಲ್ಗುಣಿ ಹೊಳೆಯ ದಂಡೆಯಲ್ಲಿತ್ತು. ಪೇಟೆ ನಡುವಿನ ಹಂಪನಕಟ್ಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಾವನದು ಎಮ್ಮೆ ವ್ಯಾಪಾರ. ಪ್ರಾಯದಲ್ಲಿ ಘಟ್ಟದ ಮೇಲೆ ಎಮ್ಮೆ ಕೊಂಡು, ದಿನಗಟ್ಟಲೆ ನಡೆದು, ಕರಾವಳಿಗೆ ಹೊಡೆದುಕೊಂಡು ಬರುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆ ನಡಿಗೆ ನಿಂತು ಲಾರಿ ಬಂದಿತ್ತು. ಉಳಿದದ್ದು ವರ್ಷಕ್ಕೆ ಎರಡು ಸಲ ಹೊಳೆ ದಾಟಿಸುವ ಕೆಲಸ ಮಾತ್ರ. ಮನೆಯ ಎದುರಿಗೆ, ಹೊಳೆಯ ನಡುವೆ ಒಂದು ಕುದ್ರು ಇತ್ತು. ಸುತ್ತಲೂ ನೀರು, ನಡುವೆ ಹುಲ್ಲು ಬೆಳೆದ ನೆಲ. ಬೇಸಗೆಯಲ್ಲಿ ಎಮ್ಮೆಗಳನ್ನು ಅಲ್ಲಿ ಮೇಯಲು ಬಿಟ್ಟು, ಮಳೆ ಹಿಡಿಯುವ ಮೊದಲು ಈಜಿಸಿಕೊಂಡು ಈಚೆ ದಂಡೆಗೆ ತರಬೇಕಿತ್ತು.

ಈಜಿಸಿಕೊಂಡು ತರುತ್ತಿದ್ದದ್ದು ಮಾವನಲ್ಲ. ಅವರು ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದರು, ಬೈಯುತ್ತಿದ್ದರು. ನೀರಿಗೆ ಇಳಿಯುತ್ತಿದ್ದದ್ದು ಬುಟ್ಟಿಯವಳು.

ನಮ್ಮ ಮನೆಗಳಲ್ಲಿ ಅವರನ್ನು ಕರೆಯುತ್ತಿದ್ದದ್ದು ಹಾಗೆ. ‘ಅವರು’ ಎಂದು ಈಗ ಬರೆಯುತ್ತಿದ್ದೇನೆ. ಆಗ ಮನೆಯ ಸಣ್ಣ ಮಕ್ಕಳೂ ‘ಅವಳು’ ಎಂದೇ ಹೇಳುತ್ತಿದ್ದವು, ನಾನೂ ಹಾಗೆಯೇ ಹೇಳುತ್ತಿದ್ದೆ. ಕೊರಗ ಸಮುದಾಯದವರು, ಈ ನೆಲದಲ್ಲಿ ನಮ್ಮೆಲ್ಲರಿಗಿಂತ ಮೊದಲಿನಿಂದ ಇದ್ದವರು. ಮಾವನ ಜಾಗದ ಅಂಚಿನಲ್ಲಿ, ಹೊಳೆಯ ಬದಿಗೆ, ತೆಂಗಿನ ಮಡಲು ಹೊದಿಸಿದ ಗುಡಿಸಲು ಅವರದು. ಕಾಡಿನಿಂದ ಬಳ್ಳಿ ತಂದು, ಹೊಳೆಯಲ್ಲಿ ನೆನೆಹಾಕಿ, ಸಿಪ್ಪೆ ಸುಲಿದು ಬುಟ್ಟಿ ಹೆಣೆಯುತ್ತಿದ್ದರು. ಮನೆಗೆ ಬಂದರೆ ಅಂಗಳದ ತುದಿಯ ತನಕ ಮಾತ್ರ. ಅವರ ಕಾಫಿಯ ಲೋಟ ಬೇರೆ. ಅದನ್ನು ಅಲ್ಲೇ ತೊಳೆದು ಬಾಳೆಯ ಬುಡದಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ನನಗೆ ಅದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ನಿಜ.

ಸಪೂರ ದೇಹ, ಎಲೆಅಡಿಕೆಯಿಂದ ಕೆಂಪಾದ ಹಲ್ಲು, ಒಡೆದ ಸ್ವರ. ಎಮ್ಮೆ ದಾಟಿಸುವ ದಿನ ಅವರು ನೀರಿನ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬಳ್ಳಿಯ ಸಿಪ್ಪೆಯೊಂದನ್ನು ನೀರಿಗೆ ಎಸೆಯುತ್ತಿದ್ದರು. ಇಳಿತವಿದ್ದರೆ ಸಿಪ್ಪೆ ಎಡಕ್ಕೆ, ಕಡಲಿನ ಕಡೆಗೆ ಹೋಗುತ್ತಿತ್ತು. ಉಬ್ಬರವಿದ್ದರೆ ಬಲಕ್ಕೆ, ಘಟ್ಟದ ಕಡೆಗೆ. ಎರಡರ ನಡುವೆ ಸ್ವಲ್ಪ ಹೊತ್ತು ಅದು ಎತ್ತಲೂ ಹೋಗದೆ ಇದ್ದಲ್ಲೇ ನಿಲ್ಲುತ್ತಿತ್ತು. ಆಗ ಅವರು “ನೀರು ನಿಂತಿತು” ಎಂದು ಏಳುತ್ತಿದ್ದರು. ಸೀರೆ ಕಚ್ಚೆ ಕಟ್ಟಿ, ಮುಂಚೂಣಿಯ ಎಮ್ಮೆಯ ಕೊಂಬು ಹಿಡಿದು ಹೊಳೆಗಿಳಿಯುತ್ತಿದ್ದರು. ಆ ಎಮ್ಮೆಯ ಹೆಸರು ಬೊಳ್ಳಿ. ಹಣೆಯಲ್ಲಿ ಬೆಳ್ಳಿಯ ಹಾಗೆ ಬಿಳಿ ಮಚ್ಚೆ. ಬೊಳ್ಳಿ ಇಳಿದರೆ ಹಿಂಡೆಲ್ಲ ಹಿಂದಿನಿಂದ ಇಳಿಯುತ್ತಿತ್ತು.

ಎಮ್ಮೆಯ ಹೆಸರು ನೆನಪಿದೆ, ನೋಡಿ.

ಎಂ.ಎ. ಎರಡನೆಯ ವರ್ಷದಲ್ಲಿ ನಮಗೆ ಬೇರೆ ಬೇರೆ ದೇಶಗಳ ಇಂಗ್ಲಿಷ್ ಸಾಹಿತ್ಯದ ಒಂದು ಪತ್ರಿಕೆ ಇತ್ತು. ಅದರಲ್ಲಿ ಆಸ್ಟ್ರೇಲಿಯಾದ ಒಳನಾಡಿನಲ್ಲಿ ದನ ಹೊಡೆಯುವವರ ಕಥೆಗಳು. ಸಾವಿರಾರು ದನಗಳನ್ನು ಕೆಂಪು ಧೂಳಿನಲ್ಲಿ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುವ ಗಂಡಸು, ಅವನ ಕುದುರೆ, ಅವನ ನಾಯಿ, ಅವನ ಒಂಟಿತನ. ಪಾಠ ಮಾಡುತ್ತಿದ್ದ ಮೇಡಂ ಕೊಂಕಣಿ ಮಾತನಾಡುವ ಮನೆಯವರು, ಮೆಲುದನಿ. ಒಂದು ದಿನ ಪುಸ್ತಕ ಮುಚ್ಚಿ ಕೇಳಿದರು, “ಕುದುರೆಗೆ ಹೆಸರುಂಟು, ನಾಯಿಗೂ ಹೆಸರುಂಟು. ನೀರು ಎಲ್ಲುಂಟು ಅಂತ ತೋರಿಸಿದ ಆ ಮೂಲನಿವಾಸಿ ಹೆಂಗಸಿಗೆ? ಅವಳಿಗೆ ಒಂದು ವಾಕ್ಯ ಸಿಕ್ಕಿದೆ. ಯಾಕೆ?”

ಆ ಕಥೆಗಳಲ್ಲಿ ಹೆಣ್ಣು ಎಂದರೆ ಗೇಟಿನ ಬಳಿ ನಿಂತು ಕಾಯುವವಳು, ಇಲ್ಲವೇ ಇಲ್ಲದವಳು; ಆದರೆ ನಿಜದಲ್ಲಿ ಆ ನೆಲದ ಹೆಂಗಸರು ದನ ಕಾದದ್ದುಂಟು, ದಾರಿ ತೋರಿಸಿದ್ದುಂಟು, ಹಿಂಡಿನ ಜೊತೆ ಕುದುರೆಯ ಮೇಲೆ ಹೋದದ್ದೂ ಉಂಟು ಎಂದು ಮೇಡಂ ಹೇಳಿದರು. ನನ್ನ ಪ್ರಬಂಧಕ್ಕೆ ಅದೇ ವಿಷಯ ಎಂದು ಆ ದಿನವೇ ನಿಶ್ಚಯಿಸಿದೆ. ಅಲ್ಲಿಯ ಕಥೆಗಳ ಪಕ್ಕದಲ್ಲಿ ನಮ್ಮ ಮಾವನ ಕಥೆ ಇಟ್ಟು ನೋಡುವುದು.

ಮಾವ ಜಗಲಿಯಲ್ಲಿ ಕುಳಿತು ಖುಷಿಯಲ್ಲಿ ಹೇಳಿದರು. “ನಾನೊಬ್ಬ, ಹದಿನಾರು ಎಮ್ಮೆ. ಮೇಲೆ ಆಕಾಶ, ಕೆಳಗೆ ಘಟ್ಟ. ಬೇರೆ ಯಾರಿಲ್ಲ.”

“ಅಡಿಗೆ ಯಾರು ಮಾಡ್ತಿದ್ರು ಮಾವ?”

“ಯಾರೋ ಮಾಡ್ತಿದ್ರು ಮಾರಾಯ್ತಿ. ಊಟ ಅಂತೂ ಆಗ್ತಿತ್ತು.”

“ದಾರಿ?”

“ಕಾಡಿನವರು ಮುಂದೆ ಹೋಗ್ತಿದ್ರು.”

“ಮತ್ತೆ ನೀವೊಬ್ಬರೇ ಅಂದ್ರಿ?”

“ನೀನು ಎಂ.ಎ. ಮಾಡುದಾ, ಪೊಲೀಸ್ ಟ್ರೈನಿಂಗಾ?” ಎಂದು ಮಾವ ದೊಡ್ಡದಾಗಿ ನಕ್ಕರು. ನಾನೂ ನಕ್ಕು ಎಲ್ಲವನ್ನೂ ಬರೆದುಕೊಂಡೆ. ಅಂಗಳದ ತುದಿಯಲ್ಲಿ ಬುಟ್ಟಿಯವರು ಕಾಫಿ ಕುಡಿಯುತ್ತಿದ್ದರು. ಅವರೂ ನಕ್ಕರು. ಅವರಲ್ಲಿ ಏನಾದರೂ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅದು ಮೇ ತಿಂಗಳ ಕೊನೆ. ಆ ವರ್ಷ ಕುದ್ರುವಿನಿಂದ ಎಮ್ಮೆ ತರುವ ದಿನ ಫೋಟೋ ತೆಗೆಯುತ್ತೇನೆಂದು ಗೆಳತಿಯ ಕ್ಯಾಮೆರಾ ಹಿಡಿದುಕೊಂಡು ಹಿಂದಿನ ದಿನವೇ ಹೋದೆ. ಬೆಳಿಗ್ಗೆ ಮಾವ, ಬುಟ್ಟಿಯವರು, ನಾನು ಮೂವರೂ ದೋಣಿಯಲ್ಲಿ ಕುದ್ರುವಿಗೆ ಹೋಗಿ ಒಂಬತ್ತು ಎಮ್ಮೆಗಳನ್ನು ಒಟ್ಟು ಮಾಡಿದೆವು. ನನಗೆ ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. ಮಧ್ಯಾಹ್ನ ಮೇಡಂ ನನ್ನ ಕರಡು ನೋಡುತ್ತೇನೆಂದಿದ್ದರು. ಚೀಲದಲ್ಲಿ ಪೇಪರಿನಿಂದ ಕತ್ತರಿಸಿದ ತುಂಡೊಂದಿತ್ತು: ಬಂದರಿನಲ್ಲಿ ಉಬ್ಬರ ಇಳಿತದ ಸಮಯ. ಅದರ ಪ್ರಕಾರ ಒಂಬತ್ತು ಗಂಟೆಗೆ ಇಳಿತ ಮುಗಿಯಬೇಕು.

ಒಂಬತ್ತು ಗಂಟೆಗೆ ಅವರು ಸಿಪ್ಪೆ ಎಸೆದರು. ಅದು ಎಡಕ್ಕೆ ಜಾರಿಕೊಂಡು ಹೋಯಿತು. ಇನ್ನೊಂದು ಎಸೆದರು. ಅದೂ ಹೋಯಿತು.

“ನೀರು ನಿಂತಿಲ್ಲ ಧಣಿ. ಘಟ್ಟದಲ್ಲಿ ಮಳೆ ಬಿದ್ದಿದೆ, ನೋಡಿ, ನೀರು ಕೆಂಪು ಉಂಟು. ಇನ್ನೂ ಒಂದು ಗಂಟೆ ಬೇಕು.”

ನಾನು ಪೇಪರಿನ ತುಂಡು ತೆಗೆದು ತೋರಿಸಿದೆ. “ಇದರಲ್ಲಿ ಒಂಬತ್ತಕ್ಕೇ ಮುಗಿಯುತ್ತದೆ ಅಂತ ಉಂಟಲ್ಲ?”

ಅವರು ತುಂಡಿನತ್ತ ನೋಡಲಿಲ್ಲ. ನನ್ನತ್ತ ನೋಡಿ ಎಲೆಅಡಿಕೆ ಉಗಿದು ಹೇಳಿದರು, “ಅದು ಬಂದರಿನದ್ದಲ್ವಾ ಅಕ್ಕಾ? ಇಲ್ಲಿಯ ನೀರಿಗೆ ಓದ್ಲಿಕ್ಕೆ ಬರುದಿಲ್ಲ.”

ಮಾವ ನಕ್ಕರು. ನನಗೆ ಅವಮಾನವಾಯಿತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿತ ಮುಗಿದ ಮೇಲೂ ಹೊಳೆಯ ಮೇಲ್ಭಾಗದಲ್ಲಿ ನೀರು ಇಳಿಯುತ್ತಲೇ ಇರುತ್ತದೆ, ಮಳೆನೀರು ಸೇರಿದರೆ ಇನ್ನಷ್ಟು ಹೊತ್ತು ಎಳೆಯುತ್ತದೆ ಎಂಬುದು ಆ ದಂಡೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿರಬೇಕಿತ್ತು. ಆದರೆ ಅಚ್ಚಾದದ್ದು ನನ್ನ ಕೈಯಲ್ಲಿತ್ತು.

“ಹೊರಡುವ ಮಾವ” ಎಂದೆ. “ನನಗೆ ಬಸ್ಸು ತಪ್ತದೆ.”

ಮಾವ ಒಮ್ಮೆ ಹೊಳೆ ನೋಡಿದರು, ಒಮ್ಮೆ ನನ್ನನ್ನು. “ಸೊಸೆ ಓದಿದವಳು. ಹೊರಡು ಮಾರಾಯ್ತಿ” ಎಂದು ಅವರಿಗೆ ಹೇಳಿದರು. ಅವರು ಕಚ್ಚೆ ಕಟ್ಟಿಕೊಂಡರು. ಬೊಳ್ಳಿಯ ಕಿವಿಯಲ್ಲಿ ಏನೋ ಅಂದರು. ಇಳಿದರು.

ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಕ್ರಮವಾಗಿಲ್ಲ. ಎಷ್ಟು ಸಲ ನೆನೆದರೂ ನಡುವೆ ಒಂದು ತುಂಡು ಇಲ್ಲ...

ನಡುಹೊಳೆಯ ತನಕ ಚೆನ್ನಾಗಿತ್ತು. ನೀರಿನ ಮೇಲೆ ಒಂಬತ್ತು ತಲೆಗಳು, ಹದಿನೆಂಟು ಕೊಂಬುಗಳು, ಬೊಳ್ಳಿಯ ಪಕ್ಕದಲ್ಲಿ ಅವರ ತಲೆ. ನಾನು ದೋಣಿಯಲ್ಲಿ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದೆ. ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲವೂ ಒಮ್ಮೆಲೇ ಎಡಕ್ಕೆ ಸರಿಯತೊಡಗಿತು. ಕ್ಯಾಮೆರಾ ಅಲುಗಿತು ಎಂದುಕೊಂಡೆ. ಅಲುಗಿದ್ದು ಹೊಳೆ. ಹಿಂಡು ಚದರಿತು. ಹೆದರಿದ ಎಮ್ಮೆಯೊಂದು ದೋಣಿಯ ಅಂಚಿಗೆ ಕತ್ತು ಹಾಕಿತು. ಮಾವ ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ, ಏಕೆಂದರೆ ನಾನು ನೀರಿನ ಒಳಗಿದ್ದೆ.

ಒಳಗೆ ಕೆಂಪು. ನೀರು ಅಷ್ಟು ಕೆಂಪಾಗಿರುತ್ತದೆಂದು ಮೇಲಿನಿಂದ ಗೊತ್ತಾಗುವುದಿಲ್ಲ. ನನ್ನ ಭುಜಕ್ಕೆ ಒಂದು ಗೊರಸು ತಾಗಿತು. ಮೇಲೆ ಬಂದೆ, ಬಾಯಿ ತೆರೆದೆ, ನೀರು. ಮತ್ತೆ ಕೆಳಗೆ.

ಆಗ ಮಣಿಕಟ್ಟನ್ನು ಯಾರೋ ಹಿಡಿದರು. ಬಳ್ಳಿ ಸುಲಿದು ಸುಲಿದು ಒರಟಾದ ಬೆರಳುಗಳು. ಅವರು ಬೊಳ್ಳಿಯನ್ನು ಬಿಟ್ಟು ಬಂದಿದ್ದರು. ನನ್ನ ಕೈಗೆ ಒಂದು ಎಮ್ಮೆಯ ಬಾಲ ಕೊಟ್ಟು, ಅಂಗೈಗೆ ಎರಡು ಸುತ್ತು ಸುತ್ತಿ, ಮುಷ್ಟಿಯನ್ನು ತಾವೇ ಮುಚ್ಚಿದರು. “ಬೀಲ ಬುಡಡ ಬಾಲೆ!” ಎಂದು ತುಳುವಿನಲ್ಲಿ ಕಿರುಚಿದರು. ಬಾಲ ಬಿಡಬೇಡ ಮಗೂ. ಅಷ್ಟು ವರ್ಷ ನನ್ನನ್ನು ‘ಅಕ್ಕಾ’ ಎಂದು ಕರೆಯುತ್ತಿದ್ದವರು ಹೊಳೆಯ ನಡುವೆ ಒಂದು ಸಲ ‘ಬಾಲೆ’ ಎಂದರು. ಆಮೇಲೆ ಆ ಎಮ್ಮೆಯ ಕತ್ತಿಗೆ ಜೋತುಬಿದ್ದು, ಅದರ ತಲೆಯನ್ನು ದಂಡೆಯ ಕಡೆಗೆ ಓರೆಯಾಗಿ ಒತ್ತುತ್ತ, “ಹೋ... ಹೋ...” ಎಂದು ಕರೆಯುತ್ತ ಈಜಿದರು. ಉಳಿದ ಎಮ್ಮೆಗಳು ಆ ಸ್ವರದ ಹಿಂದೆ ತಿರುಗಿದವು.

ಬೊಳ್ಳಿ ತಿರುಗಲಿಲ್ಲ. ಅದು ಬಹಳ ಮುಂದೆ ಹೋಗಿಬಿಟ್ಟಿತ್ತು.

ನನ್ನನ್ನು ದಂಡೆಯ ಕೆಸರಿನಲ್ಲಿ ಕವುಚಿ ಮಲಗಿಸಿ ಬೆನ್ನು ಒತ್ತಿದರು. ನೀರು ಹೊರಗೆ ಬಂತು. ಉಸಿರು ಬಂತು. ನನ್ನ ಅಂಗೈಯಿಂದ ಬಾಲದ ಕೂದಲನ್ನು ಬಿಡಿಸಿದ್ದೂ ಅವರೇ. ಚರ್ಮ ಸುಲಿದು ರಕ್ತ ಬರುತ್ತಿತ್ತು. ಅದನ್ನು ನೋಡಿ “ಅಯ್ಯೋ, ಕೈ” ಎಂದರು. ಮರುಕ್ಷಣ ಎದ್ದು, ದಂಡೆಯುದ್ದಕ್ಕೂ ಕಡಲಿನ ಕಡೆಗೆ ಓಡತೊಡಗಿದರು. “ಬೊಳ್ಳೀ... ಬೊಳ್ಳೀ...” ಆ ಕೂಗು ದೂರವಾಗುತ್ತ ಹೋಯಿತು. ನಾನು ಅವರ ಬೆನ್ನು ನೋಡುತ್ತ ಬಿದ್ದಿದ್ದೆ.

ಮಾವ ದೋಣಿಯನ್ನು ಕೆಳಗೆಲ್ಲೋ ಹಚ್ಚಿ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ಅಕ್ಕಪಕ್ಕದ ಮನೆಗಳವರು ಬಂದು ಸೇರಿದಾಗ ಕಂಡದ್ದು ಅದು: ಒದ್ದೆಯಾದ ಮಾವ, ಅವರ ತೊಡೆಯ ಮೇಲೆ ನಾನು. ಕಥೆ ಅಲ್ಲೇ ಹುಟ್ಟಿತು. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ.

ಸುಳ್ಳು ಹೇಳಿದ್ದು ನಾನು. ಅದೂ ಬಾಯಿಬಿಡದೆ.

ಮಧ್ಯಾಹ್ನದ ಹೊತ್ತಿಗೆ ಅಮ್ಮ ಕದ್ರಿಯಿಂದ ಬಂದರು. ನಾನು ಕಂಬಳಿ ಹೊದ್ದು ಜಗಲಿಯ ಮೂಲೆಯಲ್ಲಿ ಕುಳಿತಿದ್ದೆ. ಆ ವರ್ಷ ನನಗೊಂದು ಗಂಡು ನೋಡಿದ್ದರು. ಓದಿದ್ದು ಸಾಕು ಎಂಬ ಮಾತು ಮನೆಯಲ್ಲಿ ದಿನಾ ಇತ್ತು. ಅಮ್ಮ ಮಾವನನ್ನು ಕೇಳಿದರು, “ಹೇಗಾಯ್ತಣ್ಣ? ನೀರು ನೋಡದೆ ಯಾರು ಹೊರಡು ಅಂದದ್ದು?”

ಮಾವ ನನ್ನನ್ನು ನೋಡಿದರು. ಆಮೇಲೆ, “ಅವಳೇ. ಬುಟ್ಟಿಯವಳು. ನೀರು ನಿಂತಿತು ಅಂದಳು” ಎಂದರು. “ಮೇಲಿಂದ ಬೊಳ್ಳಿಯನ್ನೂ ಬಿಟ್ಟುಬಿಟ್ಟಳು.”

ಅಮ್ಮ ನನ್ನತ್ತ ತಿರುಗಿದರು. “ಹೌದಾ ಮಗಾ?”

ನಾನು ತಲೆ ಆಡಿಸಿದೆ.

ಮಾವ ತಮ್ಮ ಮಾನ ಉಳಿಸಿಕೊಳ್ಳಲು ಹಾಗೆ ಹೇಳಿದರೋ, ನನ್ನನ್ನು ಉಳಿಸಲು ಹೇಳಿದರೋ, ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದೀತು. ಆದರೆ ನನ್ನ ತಲೆ ಆಡಿದ್ದು ನನಗಾಗಿ ಮಾತ್ರ. ‘ನಾನೇ ಹೊರಡು ಅಂದದ್ದು’ ಎಂದಿದ್ದರೆ ಕಾಲೇಜು ಅಲ್ಲಿಗೆ ಮುಗಿಯುತ್ತಿತ್ತು. ಆ ಹೊತ್ತಿಗೆ ಅಂಗಳದ ತುದಿಯಲ್ಲಿ ಅವರು ನಿಂತಿದ್ದರು. ಬೊಳ್ಳಿ ಸಿಗದೆ ಹಿಂದೆ ಬಂದಿದ್ದರು. ಕಾಲಿನಲ್ಲಿ ಕೆಸರು ಒಣಗಿತ್ತು. ನಾನು ತಲೆ ಆಡಿಸಿದ್ದು ಅವರಿಗೆ ಕಂಡಿತು. ಬಾಳೆಯ ಬುಡದಲ್ಲಿ ಬೋರಲು ಹಾಕಿದ್ದ ತಮ್ಮ ಲೋಟವನ್ನು ಎತ್ತಿಕೊಂಡು ಹೊಳೆಯ ಕಡೆಗೆ ಇಳಿದು ಹೋದರು. ಲೋಟ ತೆಗೆದುಕೊಂಡು ಹೋದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಎರಡು ದಿನದ ಮೇಲೆ ಬೆಂಗ್ರೆಯ ಬದಿಯಲ್ಲಿ, ಅಳಿವೆಯ ಹತ್ತಿರ, ಬಲೆ ಎಳೆಯುವವರಿಗೆ ಬೊಳ್ಳಿಯ ಹೆಣ ಸಿಕ್ಕಿತಂತೆ.

ಹದಿನೈದು ದಿನ ಕಳೆದು ನಾನು ಮಾವನ ಮನೆಗೆ ಹೋದೆ. ಮಳೆ ಹಿಡಿದಿತ್ತು. ಗುಡಿಸಲು ಇದ್ದಲ್ಲಿ ಒಂದು ಚೌಕ ನೆಲ ಮಾತ್ರ, ಅದರ ಸುತ್ತ ಬಿದ್ದ ಬಳ್ಳಿಯ ಸಿಪ್ಪೆ ಮಳೆಗೆ ಕೊಳೆಯುತ್ತಿತ್ತು. ಅದೇ ವಾಸನೆ.

“ನಾನು ಹೋಗು ಅಂತ ಹೇಳ್ಲಿಲ್ಲ” ಎಂದರು ಮಾವ, ನಾನು ಕೇಳುವ ಮೊದಲೇ. “ಇನ್ನು ಕುದ್ರುವಿಗೆ ಎಮ್ಮೆ ಬಿಡುದಿಲ್ಲ, ದಾಟಿಸುವ ಕೆಲಸ ಇಲ್ಲ ಅಂದೆ. ಅಷ್ಟೇ ಅಂದದ್ದು.”

ಅಷ್ಟೇ ಸಾಕಾಗಿತ್ತು. ಅವರು ಎಲ್ಲಿಗೆ ಹೋದರೆಂದು ಮಾವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ.

ಪ್ರಬಂಧ ಮುಗಿಸಿದೆ. ಚೆನ್ನಾಗಿಯೇ ಬಂತು. ದೂರದ ಆ ಕಥೆಗಳಲ್ಲಿ ನೀರು ತೋರಿಸಿದ ಹೆಂಗಸಿನ ಬಗ್ಗೆ, ಬಂಡಿಯ ಹಿಂದೆ ಅಡಿಗೆ ಮಾಡಿದವಳ ಬಗ್ಗೆ, ಹೆಸರಿಲ್ಲದ ಮೂಲನಿವಾಸಿಗಳ ಬಗ್ಗೆ ಸಿಟ್ಟಿನಿಂದ ಬರೆದೆ. ಆ ಸಿಟ್ಟು ಸುಳ್ಳಾಗಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ನಮ್ಮ ಹೊಳೆ ದಾಟಿಸುವ ಪದ್ಧತಿಯ ಬಗ್ಗೆ ಎರಡು ಪುಟ. ಅದರಲ್ಲಿ ಮಾವ ಇದ್ದರು, ಬೊಳ್ಳಿ ಇತ್ತು. ಅಪಾಯದ ಆ ಬೆಳಗಿನ ಬಗ್ಗೆ ಒಂದೇ ವಾಕ್ಯ: ‘ಸ್ಥಳೀಯರ ನೆರವಿನಿಂದ ಹಿಂಡು ದಡ ಸೇರಿತು.’

ಮೇಡಂ ಬಹಳ ಮೆಚ್ಚಿದರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡು ಎಂದರು. ಹಿಂದಿರುಗಿಸಿದ ಪ್ರತಿಯಲ್ಲಿ ‘ಸ್ಥಳೀಯರ’ ಎಂಬ ಪದದ ಕೆಳಗೆ ಪೆನ್ಸಿಲಿನ ತೆಳು ಗೆರೆ ಇತ್ತು, ಅಂಚಿನಲ್ಲಿ ಒಂದು ಸಣ್ಣ ಪ್ರಶ್ನೆಚಿಹ್ನೆ. ಬೇರೇನೂ ಬರೆದಿರಲಿಲ್ಲ. ನಾನು ರಬ್ಬರು ತೆಗೆದುಕೊಂಡು ಎರಡನ್ನೂ ಒರೆಸಿದೆ. ಕಾಗದ ಅಲ್ಲಿ ಸ್ವಲ್ಪ ಸವೆದಿದೆ. ಈಗಲೂ ಬೆರಳಾಡಿಸಿದರೆ ತಿಳಿಯುತ್ತದೆ.

ಅವರನ್ನು ಇನ್ನೊಮ್ಮೆ ನೋಡಿದೆ. ಮೂರು ನಾಲ್ಕು ವರ್ಷ ಕಳೆದಿತ್ತು, ನನಗೆ ಮದುವೆಯಾಗಿತ್ತು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಒಡೆದ ಸ್ವರವೊಂದು ಕೇಳಿಸಿತು.

“ಕೈ ಗುಣ ಆಯ್ತಾ ಅಕ್ಕಾ?”

ತಲೆಯ ಮೇಲೆ ಒಂದರೊಳಗೊಂದು ಇಟ್ಟ ಬುಟ್ಟಿಗಳ ಗೋಪುರ. ಕೂದಲು ಬೆಳ್ಳಗಾಗಿತ್ತು. ನಾನು ಕೈ ಬಿಡಿಸಿ ತೋರಿಸಿದೆ. ತೋರುಬೆರಳಿನ ಬುಡದಲ್ಲಿ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು. ಅವರು ಬಗ್ಗಿ ನೋಡಿದರು, ಬುಟ್ಟಿಗಳು ಅಲುಗಲಿಲ್ಲ.

“ಬೊಳ್ಳಿಯ ಮಗಳ ಬಾಲ ಅದು” ಎಂದರು. “ಗಟ್ಟಿ ಇತ್ತು.”

ಎಷ್ಟೋ ರಾತ್ರಿ ನಾನು ಮನಸ್ಸಿನಲ್ಲೇ ಕಲಿತಿಟ್ಟ ಮಾತುಗಳಿದ್ದವು. ಬಾಯಿಗೆ ಬಂದದ್ದು, “ಈ ಬಸ್ಸು ಎಷ್ಟು ಹೊತ್ತಿಗೋ ಏನೋ...”

ಅವರು ಕೆಂಪು ಹಲ್ಲು ತೋರಿಸಿ ನಕ್ಕರು. “ಪೇಪರಿನಲ್ಲಿ ನೋಡ್ಲಿಲ್ವಾ?”

ಆ ನಗುವಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇರಲಿಲ್ಲ. ಎಲ್ಲ ಗೊತ್ತುಂಟು, ನಿನಗೂ ಗೊತ್ತುಂಟು, ಅಷ್ಟೇ ಇತ್ತು ಅದರಲ್ಲಿ. ಬಸ್ಸು ಬಂತು. ಕಂಡಕ್ಟರ್ “ಬನ್ನಿ, ಬನ್ನಿ, ಬೇಗ” ಎಂದು ಬಾಗಿಲು ಬಡಿದ. ಹತ್ತಿದೆ. ಒಳಗೆ ನುಗ್ಗಿ ಕಿಟಕಿಯಿಂದ ನೋಡುವ ಹೊತ್ತಿಗೆ ಬುಟ್ಟಿಗಳು ಮಾತ್ರ ಕಂಡವು, ಜನರ ತಲೆಗಳ ಮೇಲೆ, ನೀರಿನಲ್ಲಿ ತೇಲುವ ಹಾಗೆ... ಆಮೇಲೆ ಅವೂ ಇಲ್ಲ.

ಮಾವ ತೀರಿಕೊಂಡು ಆರು ವರ್ಷವಾಯಿತು. ಉತ್ತರಕ್ರಿಯೆಯ ದಿನ ಊಟದ ಪಂಕ್ತಿಯಲ್ಲಿ ದೂರದ ಸಂಬಂಧಿಕರೊಬ್ಬರು ಹೊಳೆಯ ಕಥೆ ತೆಗೆದರು. ಮಾವ ದೋಣಿಯಿಂದ ಹಾರಿದರಂತೆ, ಒಂದು ಕೈಯಲ್ಲಿ ಸೊಸೆ, ಇನ್ನೊಂದು ಕೈಯಲ್ಲಿ ಎಮ್ಮೆಯ ಕೊಂಬು. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಮಾವ ನನ್ನನ್ನು ಪ್ರೀತಿಸುತ್ತಿದ್ದರು. ಸತ್ತವರ ಎಲೆ ಇಟ್ಟ ದಿನ ಎಂತ ಹೇಳುವುದು? ನಾನು ಮತ್ತೊಮ್ಮೆ ತಲೆ ಆಡಿಸಿದೆ.

ಈ ಬುಟ್ಟಿ ಬಂದ ಮರುದಿನ ಕಾರ್ಡಿನಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ನಗರದ ಅಂಚಿನಲ್ಲಿ ಹದಿನೈದಿಪ್ಪತ್ತು ಮನೆಗಳು, ನಡುವೆ ಒಂದು ಶೆಡ್ಡು. ಅಲ್ಲಿ ಆರೇಳು ಹೆಂಗಸರು ಬುಟ್ಟಿ ಹೆಣೆಯುತ್ತಿದ್ದರು. ಲೆಕ್ಕದ ಪುಸ್ತಕ ನೋಡುತ್ತಿದ್ದ ಮೂವತ್ತರ ಪ್ರಾಯದ ಹೆಂಗಸು ಎದ್ದು ಬಂದು ಕುರ್ಚಿ ಕೊಟ್ಟರು. ನನ್ನ ಎದುರಿಗೇ ಕುಳಿತರು.

“ಯಾರನ್ನು ನೋಡ್ಬೇಕಿತ್ತು ಮೇಡಂ?”

“ಒಬ್ಬರು ಇದ್ದರು... ಈಗ ತುಂಬ ಪ್ರಾಯ ಆಗಿರಬೇಕು. ಬುಟ್ಟಿ ಮಾಡ್ತಿದ್ದರು. ಕುದ್ರುವಿನಿಂದ ಎಮ್ಮೆ ಹೊಳೆ ದಾಟಿಸ್ತಿದ್ದರು.”

ಆ ಹೆಂಗಸು ಹಿಂದೆ ತಿರುಗಿ ಹೆಣೆಯುತ್ತಿದ್ದವರಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವರೆಲ್ಲ ಒಟ್ಟಿಗೇ ಮಾತಾಡಿದರು, ನಕ್ಕರು, ಒಬ್ಬರು ಕೈ ಎತ್ತಿ ಈಜುವ ಹಾಗೆ ತೋರಿಸಿದರು.

“ಎಮ್ಮೆ ದಾಟಿಸ್ತಿದ್ದವರು ತುಂಬ ಜನ ಇದ್ರು ಮೇಡಂ” ಎಂದರು ಆ ಹೆಂಗಸು. “ನನ್ನ ಅಜ್ಜಿ ದಾಟಿಸ್ತಿದ್ರು. ಇವರ ಅತ್ತೆ ದಾಟಿಸ್ತಿದ್ರು. ಆ ಮೂಲೆಯಲ್ಲಿ ಕೂತವರ ಅಮ್ಮ ಹೊಳೆಯಲ್ಲೇ ಹೋದದ್ದು. ಹೊಳೆ ದಾಟುವ ಒಂದೊಂದು ಕಡವಿನಲ್ಲಿ ಒಬ್ಬೊಬ್ಬರು. ನಿಮಗೆ ಯಾರು ಬೇಕು? ಹೆಸರು ಹೇಳಿ.”

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಹೆಣೆಯುವ ಕೈಗಳೆಲ್ಲ ನಿಂತಿದ್ದವು. ಅಷ್ಟು ಮುಖಗಳು ನನ್ನತ್ತ ನೋಡುತ್ತಿದ್ದವು.

ನಾನು ಒಬ್ಬರನ್ನು ಮಾತ್ರ ಮರೆತೆ ಎಂದುಕೊಂಡು ಹೋಗಿದ್ದೆ.

“ಹೆಸರು... ಗೊತ್ತಿಲ್ಲ” ಎಂದೆ.

“ಊರು? ಧಣಿಗಳ ಮನೆ?”

ಮಾವನ ಮನೆಯ ಹೆಸರು ಹೇಳಿದೆ. ಮೂಲೆಯಲ್ಲಿದ್ದ ಮುದುಕಿ ತಲೆ ಎತ್ತಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಎರಡೇ ಮಾತು ಹೇಳಿ ಮತ್ತೆ ಬಳ್ಳಿ ಕೈಗೆತ್ತಿಕೊಂಡರು. ಆ ಹೆಂಗಸು ಏನೋ ಕೇಳಿದರು, ಮುದುಕಿ ತಲೆ ಎತ್ತದೆ ಉತ್ತರಿಸಿದರು. ಎಂತ ಹೇಳಿದ್ದು ಎಂದು ಕೇಳಿದೆ.

“ಅವರು ತೀರಿಹೋಗಿ ತುಂಬ ವರ್ಷ ಆಯ್ತಂತೆ” ಎಂದರು ಆ ಹೆಂಗಸು. ಮತ್ತೆ, “ಹೆಸರು ಹೇಳ್ಲಾ ಅಂತ ಕೇಳಿದೆ. ಹೋದವರಿಗೆ ಬೇಕಿದ್ದಾಗ ಇವರು ಕೇಳ್ಲಿಲ್ಲ ಅಲ್ವಾ, ಇರ್ಲಿ ಅಂದ್ರು.”

ನಾನು ಒತ್ತಾಯಿಸಲಿಲ್ಲ. ಒತ್ತಾಯಿಸುವುದು ಯಾವ ಮುಖದಲ್ಲಿ? ಚಾ ತಂದುಕೊಟ್ಟರು. ಎಲ್ಲರೂ ಕುಡಿಯುವ ಲೋಟದಲ್ಲೇ ಕೊಟ್ಟರು. ಕುಡಿದು, ತೊಳೆಯಲು ನಳ್ಳಿಯ ಕಡೆ ಹೋದರೆ ಬೇಡ ಬೇಡ ಎಂದು ಕೈಯಿಂದ ತೆಗೆದುಕೊಂಡರು.

ಬುಟ್ಟಿ ಈಗ ಬಾಲ್ಕನಿಯಲ್ಲಿದೆ. ತಳ ಒಣಗಿದೆ, ವಾಸನೆ ಹೋಗಿದೆ. ಮಗಳು ಅದರಲ್ಲಿ ಬಟ್ಟೆಯ ಕ್ಲಿಪ್ಪುಗಳನ್ನು ಹಾಕಿಟ್ಟಿದ್ದಾಳೆ. ನಿನ್ನೆ ಅವಳಿಗೆ ಹೊಳೆಯ ಕಥೆ ಮೊದಲಿನಿಂದ ಹೇಳಿದೆ. ಅಜ್ಜಮಾವ ಹಾರಿದ ಕಥೆಯಲ್ಲ, ಇದು. ಅವಳು ಕೇಳಿ ಮುಗಿಸಿ, “ನಿಮಗೆ ಆಗ ಅವರು ಹೇಳಿದ್ದು ಸರಿಯಾಗಿ ಕೇಳಿಸ್ಲಿಲ್ವಾ ಅಮ್ಮಾ?” ಎಂದಳು. ನನಗೊಂದು ದಾರಿ ಮಾಡಿಕೊಡಲು ನೋಡಿದಳು ಪಾಪ.

ಕೇಳಿಸಿತ್ತು. ದೋಣಿಯ ಪಕ್ಕದಲ್ಲೇ ನಿಂತಿದ್ದೆ. ನೀರು ನಿಂತಿಲ್ಲ ಎಂದು ಅವರು ಹೇಳಿದ್ದರು. ಹೊರಡುವ ಎಂದದ್ದು ನಾನು.